ಓದದೆ ಸಹಿ ಹಾಕಿದ ನಿಯಮಗಳು

ಪದವಿ ಕಾಲೇಜಿನ ಪ್ರವೇಶ ಅರ್ಜಿಯ ಕೊನೆಯಲ್ಲಿ ಒಂದು ಮುಚ್ಚಳಿಕೆ ಇರುತ್ತದೆ. ಕಾಲೇಜಿನ ನಿಯಮಗಳಿಗೆಲ್ಲ ಬದ್ಧ ಎಂದು ವಿದ್ಯಾರ್ಥಿ ಸಹಿ ಹಾಕುತ್ತಾನೆ, ಅದರ ಕೆಳಗೆ ಅಪ್ಪನೋ ಅಮ್ಮನೋ ಹಾಕುತ್ತಾರೆ. ಆ ಗಡಿಬಿಡಿಯಲ್ಲಿ ನಿಯಮಗಳನ್ನು ಓದುವವರು ಅಪರೂಪ, ಓದಿ ಹೇಳುವವರು ಇನ್ನೂ ಅಪರೂಪ. ಗುರುತಿನ ಚೀಟಿ ಕೊರಳಲ್ಲಿರಬೇಕು, ಹಾಜರಾತಿ ಶೇ 75 ದಾಟಬೇಕು, ಪ್ರಾಂಶುಪಾಲರ ಅನುಮತಿ ಇಲ್ಲದೆ ಸಭೆ ಸೇರಬಾರದು, ಕರಪತ್ರ ಹಂಚಬಾರದು. ಇವು ತಿಳಿಯುವುದು ಸಾಮಾನ್ಯವಾಗಿ ಮುರಿದ ಮೇಲೆ, ದಂಡ ಕಟ್ಟುವಾಗ.

ನಿಯಮಗಳೇ ಬೇಡ ಎನ್ನುವವನು ನಾನಲ್ಲ. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಮೊದಲ ವರ್ಷದ ಹುಡುಗನೊಬ್ಬ ಹಿರಿಯ ವಿದ್ಯಾರ್ಥಿಗಳ ಹೊಡೆತಕ್ಕೆ ಸತ್ತ. ಅದೇ ವರ್ಷ ಯುಜಿಸಿಯ ರ‍್ಯಾಗಿಂಗ್ ತಡೆ ನಿಯಮಾವಳಿ ಬಂತು. ಇಂದು ಪ್ರತಿ ವರ್ಷ ವಿದ್ಯಾರ್ಥಿಯೂ ಪೋಷಕರೂ ಕೊಡುವ ಪ್ರಮಾಣಪತ್ರದ ಹಿಂದೆ ಮಗನನ್ನು ಕಳೆದುಕೊಂಡ ಒಂದು ಮನೆಯಿದೆ. ಇದನ್ನು ಮೊದಲ ದಿನವೇ ಹೇಳಿದರೆ ಯಾವ ಹುಡುಗನೂ ಅದನ್ನು ಬರೀ ಕಾಗದ ಎನ್ನಲಾರ.

ಆದರೆ ಎಲ್ಲ ನಿಯಮಗಳಿಗೂ ಇಂಥ ಗಟ್ಟಿ ಕಾರಣವಿಲ್ಲ. ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಮಹಿಳಾ ಹಾಸ್ಟೆಲಿನಲ್ಲಿ ಮೊದಲು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಆಮೇಲೆ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಬಳಸುವಂತಿಲ್ಲ ಎಂದು ಮಾಡಿದರು. ಬಿ.ಎ. ಓದುತ್ತಿದ್ದ ಒಬ್ಬ ಹುಡುಗಿ ಒಪ್ಪಲಿಲ್ಲ. ಓದಿಗೇ ಫೋನ್ ಬೇಕು ಎಂದಳು. ಹಾಸ್ಟೆಲ್ ಬಿಡಬೇಕಾಯಿತು. ಆಕೆ ಹೈಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ಪಿ.ವಿ. ಆಶಾ ಅವರು, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನಲ್ಲೂ ಖಾಸಗಿತನದ ಹಕ್ಕಿನಲ್ಲೂ ಸೇರಿದೆ ಎಂದು ತೀರ್ಪಿತ್ತು, ಅವಳನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿದರು. ಶಿಸ್ತು ಬೇಕು, ಆದರೆ ಆ ಹೆಸರಿನಲ್ಲಿ ವಯಸ್ಕ ವಿದ್ಯಾರ್ಥಿಯ ಓದಿನ ದಾರಿಯನ್ನೇ ಮುಚ್ಚುವಂತಿಲ್ಲ ಎಂಬುದು ಅದರ ಸಾರ. ನನ್ನನ್ನು ಕಾಡುವುದು ಬೇರೆ ಸಂಗತಿ. ವಾರ್ಡನ್ನರ ಕೋಣೆಯಲ್ಲಿ ಎದುರುಬದುರು ಕೂತು ಬಗೆಹರಿಸಬಹುದಾಗಿದ್ದ ಮಾತಿಗೆ ಹುಡುಗಿಯೊಬ್ಬಳು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತಲ್ಲ!

ಮಾತಿನ ಜಾಗ ನಮ್ಮಲ್ಲೂ ಕಿರಿದಾಗಿದೆ. 1989ರ ಮಾರ್ಚ್‌ನಲ್ಲಿ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತವು. ಹೊಡೆದಾಟ, ಹೊರಗಿನ ಪಕ್ಷಗಳ ಹಸ್ತಕ್ಷೇಪ ಕಾರಣವಾಗಿದ್ದವು, ಅದು ಸುಳ್ಳಲ್ಲ. ಆದರೆ ಮುಖ್ಯಮಂತ್ರಿ ಯಾರಾಗಬೇಕೆಂದು ತೀರ್ಮಾನಿಸುವ ಕೈಗೆ ತನ್ನ ಕಾಲೇಜಿನ ಕ್ರೀಡಾ ಕಾರ್ಯದರ್ಶಿಯನ್ನು ಆರಿಸುವ ಅವಕಾಶ ಇಲ್ಲವಾಯಿತು. ಹೊಡೆದಾಟಕ್ಕೆ ಮದ್ದನ್ನು ಜೆ.ಎಂ. ಲಿಂಗ್ಡೋ ಸಮಿತಿ 2006ರಲ್ಲೇ ಕೊಟ್ಟಿದೆ: ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ಅಚ್ಚುಹಾಕಿಸಿದ ಪೋಸ್ಟರ್ ಕೂಡದು, ಇಡೀ ಪ್ರಕ್ರಿಯೆ 10 ದಿನದಲ್ಲಿ ಮುಗಿಯಬೇಕು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಿದೆ. ನಾವು ಪ್ರಯತ್ನಿಸಿಯೂ ನೋಡಲಿಲ್ಲ.

ಯುಜಿಸಿಯ 2023ರ ನಿಯಮಾವಳಿಯಂತೆ ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅದರಲ್ಲಿ ಒಬ್ಬ ವಿದ್ಯಾರ್ಥಿಗೂ ವಿಶೇಷ ಆಹ್ವಾನಿತನ ಸ್ಥಾನವಿದೆ. ಓದು, ಕ್ರೀಡೆ, ಸಹಪಠ್ಯ ಚಟುವಟಿಕೆಗಳ ಸಾಧನೆ ನೋಡಿ ಕಾಲೇಜೇ ಅವನನ್ನು ನಾಮನಿರ್ದೇಶನ ಮಾಡುತ್ತದೆ. ನಮ್ಮ ಪ್ರಾಂಶುಪಾಲರಲ್ಲಿ ನನ್ನದೊಂದು ವಿನಂತಿ. ಈ ಅರ್ಹತೆಯುಳ್ಳ ನಾಲ್ಕೈದು ಮಂದಿಯ ಹೆಸರನ್ನು ನೀವೇ ಪಟ್ಟಿ ಮಾಡಿ. ಅವರಲ್ಲಿ ಯಾರು ಆಗಬೇಕೆಂಬುದನ್ನು ಮಾತ್ರ ವಿದ್ಯಾರ್ಥಿಗಳ ಮತಕ್ಕೆ ಬಿಡಿ. ಗೆದ್ದವರನ್ನೇ ನಾಮನಿರ್ದೇಶನ ಮಾಡಿ. ಹಾಸ್ಟೆಲಿನ ಗೇಟು ಎಷ್ಟು ಹೊತ್ತಿಗೆ ಮುಚ್ಚಬೇಕು ಎಂಬ ಚರ್ಚೆಗೆ ಮೊದಲು ಅವರನ್ನು ಕರೆಯಿರಿ.