ಬಾಳೆಯ ಹಣ್ಣು ಮತ್ತು ಕ್ಯಾಮೆರಾ

ಹತ್ತನೆಯ ತರಗತಿಯ ಹುಡುಗರಿಗೆ ಕನಕದಾಸರ ಬಾಳೆಯ ಹಣ್ಣಿನ ಕಥೆ ಹೇಳುತ್ತಿದ್ದೆ. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ವ್ಯಾಸರಾಯರು ಶಿಷ್ಯರ ಕೈಗೆ ಒಂದೊಂದು ಹಣ್ಣು ಕೊಟ್ಟು, ಯಾರೂ ನೋಡದ ಕಡೆ ಹೋಗಿ ತಿಂದು ಬನ್ನಿರಿ ಎಂದರು. ಉಳಿದವರು ಕದದ ಹಿಂದೆ, ಮರದ ಮರೆಯಲ್ಲಿ ತಿಂದು ಬಾಯೊರಸಿಕೊಂಡು ಬಂದರು. ಕನಕರು ಮಾತ್ರ ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದರು. ದೇವರು ನೋಡದ ಸ್ಥಳ ಸಿಕ್ಕಲಿಲ್ಲವೆಂದರು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಹಂಗಂದ್ರ ದೇವರು ಪರೀಕ್ಷಾ ಕ್ಯಾಮೆರಾ ಇದ್ದಂಗ ಏನ್ರಿ ಸರ್?" ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಉತ್ತರ ಹೇಳಹೋದರೆ, ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮದು ಕೊಪ್ಪಳದ ಒಂದು ಸಣ್ಣ ಖಾಸಗಿ ಪ್ರೌಢಶಾಲೆ. ಆಟದ ಬಯಲೆಂದರೆ ಮುಂದಿನ ಓಣಿಯೇ. ಯಲಬುರ್ಗಿಯ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವ ಮಕ್ಕಳು ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಜೋಳದ ರೊಟ್ಟಿ, ಶೇಂಗಾ ಚಟ್ನಿಗಳ ವಾಸನೆ ಗಣಿತದ ಪಾಠದವರೆಗೂ ನಿಂತಿರುತ್ತದೆ. ಇಂಥ ಶಾಲೆ ಬದುಕಬೇಕಾದರೆ ಫಲಿತಾಂಶ ಬೇಕು. ಜೂನಿನಲ್ಲಿ ಬಸ್ ನಿಲ್ದಾಣದೆದುರು ಕಟ್ಟುವ ಬ್ಯಾನರಿನ ಮೇಲೆ ನೂರಕ್ಕೆ ನೂರು ಎಂದು ಬರೆಸಲಾಗದಿದ್ದರೆ, ಮುಂದಿನ ವರ್ಷ ಬೆಂಚುಗಳು ಖಾಲಿ. ಹೀಗಾಗಿ ನಮ್ಮ ಮಕ್ಕಳ ವಿದ್ಯಾರ್ಥಿ ಜೀವನವೆಂಬುದು ಎಂಟನೆಯ ತರಗತಿಯಿಂದಲೇ ಒಂದು ಮಾರ್ಚಿ ತಿಂಗಳ ಕಡೆಗೆ ಮುಖ ಮಾಡಿ ನಿಂತ ಜೀವನ.

ಆ ಮಾರ್ಚಿಗೆ 2024ರಲ್ಲಿ ಕ್ಯಾಮೆರಾ ಬಂತು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿಗಳನ್ನು ದೂರದಲ್ಲಿ ಕುಳಿತ ಅಧಿಕಾರಿಗಳು ಪರದೆಯ ಮೇಲೆ ನೋಡುವ ಏರ್ಪಾಡಾಯಿತು. ಹಿಂದಿನ ವರ್ಷ 83.89 ಇದ್ದ ರಾಜ್ಯದ ಶೇಕಡಾ ಫಲಿತಾಂಶ ಆ ವರ್ಷ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ! ಇಳಿತಕ್ಕೆಲ್ಲ ಕ್ಯಾಮೆರಾ ಒಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಒಂದು ಕೈಯಿಂದ ಕಸಿದುಕೊಂಡದ್ದನ್ನು ಇನ್ನೊಂದು ಕೈಯಿಂದ ಕೊಟ್ಟಂತಾಯಿತಲ್ಲ ಎಂದು ಅಂದು ಅನ್ನಿಸದ ಮೇಷ್ಟರು ಕಡಿಮೆ.

ನಕಲಿಗೆ ಕಣ್ಣು ಮುಚ್ಚುವವರೆಲ್ಲ ಕೆಟ್ಟವರೆಂದು ದೂರುವುದು ಸುಲಭ. ನಮ್ಮ ಸೀಮೆಯನ್ನು ಬಲ್ಲವರು ಹಾಗೆನ್ನುವ ಮೊದಲು ಸ್ವಲ್ಪ ತಡೆಯುತ್ತಾರೆ. 1948ರವರೆಗೆ ನಿಜಾಮನ ಆಳ್ವಿಕೆ. ಮನೆಯಲ್ಲಿ ಕನ್ನಡ, ಹೈಸ್ಕೂಲಿನಲ್ಲಿ ಉರ್ದು. ಅಕ್ಷರ ನಮ್ಮಲ್ಲಿಗೆ ತಡವಾಗಿ ಬಂತು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ ತಾಲ್ಲೂಕುಗಳ ಜಿಲ್ಲೆಯಾದೆವು. ಗಂಗಾವತಿಗೆ ತುಂಗಭದ್ರೆಯ ಕಾಲುವೆಯಿದೆ, ಭತ್ತವಿದೆ. ಕುಷ್ಟಗಿ, ಯಲಬುರ್ಗಿಗಳಿಗೆ ಮುಗಿಲೇ ಗತಿ. ಮಳೆ ಕೈಕೊಟ್ಟರೆ ಮನೆಗೆ ಬೀಗ ಹಾಕಿ ಗುಳೆ. ಅಂಥ ಮನೆಯ ಹುಡುಗಿ ನಪಾಸಾದರೆ ಅವಳು ಕಳೆದುಕೊಳ್ಳುವುದು ಒಂದು ವರ್ಷವನ್ನಲ್ಲ. ಬೇಸಗೆಯಲ್ಲಿಯೇ ವರ ಗೊತ್ತಾಗುವುದುಂಟು. ಇದನ್ನು ಕಂಡ ಮೇಷ್ಟರಿಗೆ, ನಾಲ್ಕು ಉತ್ತರ ಉಸುರಿದರೆ ಒಂದು ಬಾಳು ಉಳಿದೀತು ಎನ್ನಿಸಿದರೆ ಅದನ್ನು ದಯೆಯಲ್ಲವೆಂದು ಹೇಗೆ ಹೇಳುವುದು?

ನಾನೂ ಬಹುಕಾಲ ಹೇಳದೆ ಇದ್ದವನೇ.

ಕ್ಯಾಮೆರಾ ಬರುವುದಕ್ಕೆ ಕೆಲವು ವರ್ಷ ಮುಂಚೆ ಹಳ್ಳಿಯ ಕೇಂದ್ರವೊಂದಕ್ಕೆ ಕೊಠಡಿ ಮೇಲ್ವಿಚಾರಕನಾಗಿ ಹೋಗಿದ್ದೆ. ಸಮಾಜ ವಿಜ್ಞಾನದ ದಿವಸ. ಅರ್ಧ ಗಂಟೆ ಕಳೆದಿರಬೇಕು. ಒಬ್ಬರು ಒಳಗೆ ಬಂದು, ನನ್ನ ಕಡೆ ನೋಡಿ ಮುಗುಳ್ನಕ್ಕು, ಒಂದು ಅಂಕದ ಪ್ರಶ್ನೆಗಳ ಉತ್ತರಗಳನ್ನು ಮೆಲ್ಲಗೆ ಓದತೊಡಗಿದರು. ನಾನು ಕಿಟಕಿಯ ಬಳಿಗೆ ಹೋದೆ. ಹೊರಗೆ ಬೇವಿನ ಮರ, ಅದರ ಕೆಳಗೆ ಒಂದು ಆಡು. ಆಡನ್ನು ನೋಡುತ್ತ ನಿಂತೆ. ಅವರು ಹೋದ ಮೇಲೆ ತಿರುಗಿದರೆ, ಮೂವತ್ತು ಪೆನ್ನುಗಳು ಗಡಿಬಿಡಿಯಲ್ಲಿದ್ದವು. ಎರಡನೆಯ ಸಾಲಿನಲ್ಲಿ ಒಬ್ಬ ಹುಡುಗಿ ಕೈ ಕಟ್ಟಿ ಕುಳಿತಿದ್ದಳು. ಬಗ್ಗಿ ನೋಡಿದೆ. ಬರೆದಿದ್ದ ಉತ್ತರಗಳಲ್ಲಿ ಎರಡು ತಪ್ಪಿದ್ದವು, ಅವಳು ತಿದ್ದಿರಲಿಲ್ಲ.

ಗಂಟೆ ಬಾರಿಸಿದ ಮೇಲೆ ಹೊಸ್ತಿಲಲ್ಲಿ ಕೇಳಿದೆ: "ಯಾಕವ್ವಾ, ಕೇಳಿಸಲಿಲ್ಲೇನು?"

"ಕೇಳಿಸ್ತ್ರಿ."

"ಮತ್ತ ಯಾಕ ತಿದ್ದಲಿಲ್ಲ?"

"ನನಗ ಗೊತ್ತಿದ್ದಿದ್ದು ಅಷ್ಟ ಅಲ್ರಿ ಸರ್," ಎಂದು ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಓಡಿದಳು.

ಗ್ರೀಸಿನ ಪ್ಲೇಟೋ ಒಂದು ಉಂಗುರದ ಕಥೆ ಹೇಳುತ್ತಾನೆ. ಗೈಜಿಸನೆಂಬ ಕುರುಬನಿಗೆ ಮಾಯವಾಗುವ ಉಂಗುರ ಸಿಕ್ಕಿತು. ಕಾಣದಂತಾದ ಕೂಡಲೆ ಅವನು ರಾಜನನ್ನು ಕೊಂದು ಸಿಂಹಾಸನವೇರಿದ. ಹಿಡಿಯುವವರಿಲ್ಲದಿದ್ದರೆ ಯಾರು ತಾನೇ ನ್ಯಾಯವಾಗಿದ್ದಾರು ಎಂಬುದು ಅಲ್ಲಿಯ ಪ್ರಶ್ನೆ. ಕನಕರ ಕಥೆಯನ್ನು ನಾವು ಹೇಳುವ ರೀತಿಯಲ್ಲಿ ಆ ಪ್ರಶ್ನೆಗೆ ಉತ್ತರ ಸಿಕ್ಕುವುದಿಲ್ಲ. ನೋಡುವವನನ್ನು ದೊಡ್ಡದು ಮಾಡಿದಂತಾಗುತ್ತದೆ, ಅಷ್ಟೆ. ನನ್ನ ವಿದ್ಯಾರ್ಥಿ ಹಿಡಿದದ್ದು ಇದನ್ನೇ. ಕನಕರ ದೇವರು ಹೊರಗಿನಿಂದ ನೋಡುವವನಾಗಿರಲಾರ. ಆದರೆ ಆ ಹುಡುಗಿ ದೇವರ ಹೆಸರನ್ನೂ ಎತ್ತಲಿಲ್ಲ. ನೋಡುವವರು ಯಾರೆಂಬುದು ಅವಳ ಲೆಕ್ಕದಲ್ಲಿಯೇ ಇರಲಿಲ್ಲ. ತನ್ನ ಹೆಸರು ಬರೆದ ಕಾಗದದಲ್ಲಿ ತಾನು ಬಲ್ಲದ್ದು ಮಾತ್ರ ಇರಬೇಕು, ಅಷ್ಟೇ ಅವಳ ಲೆಕ್ಕ.

ಹಾಗಾದರೆ ಕ್ಯಾಮೆರಾ ಬೇಡವೇ? ಬೇಕು. ಅದು ಯಾರನ್ನೂ ಪ್ರಾಮಾಣಿಕರನ್ನಾಗಿ ಮಾಡಲಾರದು, ನಿಜ. ಆದರೆ ಕೈ ಕಟ್ಟಿ ಕುಳಿತವಳಿಗೆ ಆಗುವ ಅನ್ಯಾಯವನ್ನಾದರೂ ತಡೆದೀತು. ನಮ್ಮ ದಯೆಯ ಲೆಕ್ಕದಲ್ಲಿ ಅವಳು ಬಂದಿರಲಿಲ್ಲ. ಮೂವತ್ತು ಮಂದಿಗೆ ಹಂಚಿದ ಆ ಅಂಕಗಳು ಅವಳ ಹಿಂದೆ ಇರಬೇಕಾದವರನ್ನು ಅವಳ ಮುಂದೆ ತಂದು ನಿಲ್ಲಿಸಿದವು. ಅವಳೂ ಗುಳೆ ಹೋಗುವ ಮನೆಯವಳೇ ಇದ್ದಾಳು, ಯಾರು ಕೇಳಿದರು?

ನನ್ನ ವಿಷಯ ಬೇರೆ. ಅಂದು ಕ್ಯಾಮೆರಾ ಇದ್ದು, ಒಳಗೆ ಬಂದವರನ್ನು ಅದು ಹಿಡಿದಿದ್ದರೂ, ನನ್ನಲ್ಲಿ ಅದಕ್ಕೆ ಏನು ಕಾಣುತ್ತಿತ್ತು? ಕಿಟಕಿಯ ಬಳಿ ಸುಮ್ಮನೆ ನಿಂತ ಒಬ್ಬ ಮೇಷ್ಟರು. ಬಾಯಿ ತೆರೆಯಲಿಲ್ಲ, ಚೀಟಿ ಕೊಡಲಿಲ್ಲ.

ಅವಳು ಪಾಸಾದಳೋ ಇಲ್ಲವೋ ತಿಳಿಯದು. ನೋಂದಣಿ ಸಂಖ್ಯೆಯನ್ನು ನಾನು ಗುರುತು ಹಾಕಿಕೊಂಡಿರಲಿಲ್ಲ. ಅಂದು ಉತ್ತರಪತ್ರಿಕೆಗಳ ಕಟ್ಟು ಮೊಹರಾದ ಮೇಲೆ ಕೇಂದ್ರದವರು ನಮಗೆಲ್ಲ ಮಂಡಕ್ಕಿ, ಮಿರ್ಚಿ ತರಿಸಿದರು. ಬಿಸಿಯಾಗಿದ್ದವು. ನಾನೂ ಎಲ್ಲರ ಎದುರಿಗೇ ಕುಳಿತು ತಿಂದೆ.