ಹೊರಿಸುವ ಮುನ್ನ ಇಳಿಸಿ

ಎಂಜಿನ್ನು ಉಗುಳುವ ಬಿಸಿ ಹೊಗೆ ಸುಮ್ಮನೆ ಗಾಳಿಪಾಲಾಗುತ್ತದೆ. ಅದರ ದಾರಿಯಲ್ಲೊಂದು ಪುಟ್ಟ ಚಕ್ರ ಇಟ್ಟು, ಅದೇ ದಂಡದ ಇನ್ನೊಂದು ತುದಿಗೆ ಮತ್ತೊಂದು ಚಕ್ರ ಜೋಡಿಸಿ, ಹೊರಗಿನ ಗಾಳಿಯನ್ನು ಸಿಲಿಂಡರಿಗೆ ಒತ್ತಿ ತುಂಬಿದರೆ ಹೇಗೆ? ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟಿಗೆ ತಂದ ಈ ಯೋಚನೆಯೇ ಟರ್ಬೊಚಾರ್ಜರ್. ಗಾಳಿ ಹೆಚ್ಚು ಹೋದರೆ ಪೆಟ್ರೋಲ್ ಹೆಚ್ಚು ಉರಿಯುತ್ತದೆ, ಶಕ್ತಿ ಹೆಚ್ಚುತ್ತದೆ.

ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಆರು ಸಿಲಿಂಡರಿನ ಹಳೇ ಕಾರು ಕೊಂಡು, ಮನೆಯ ಶೆಡ್ಡಿನಲ್ಲೇ ಟರ್ಬೊ ಕೂರಿಸುವ ಹವ್ಯಾಸಿಗಳಿದ್ದಾರೆ. ಅವರಲ್ಲಿ ಅನೇಕರಿಗೆ ಅಚ್ಚುಮೆಚ್ಚಿನದು ಟೊಯೊಟಾದ 2ಜೆಝಡ್ ಎಂಜಿನ್. 1993ರ ಸುಪ್ರಾ ಕಾರಿನಲ್ಲಿ ಕಂಪನಿ ಇದನ್ನು ಎರಡು ಬಗೆಯಲ್ಲಿ ಮಾರಿತು. ಎರಡರ ಗಾತ್ರವೂ 2,997 ಸಿಸಿ. ಅಮೆರಿಕದ ಮಾದರಿಗಳಲ್ಲಿ ಸಾದಾ ಎಂಜಿನ್ನಿಗೆ 220 ಅಶ್ವಶಕ್ತಿ, ಅವಳಿ ಟರ್ಬೊ ಇದ್ದದ್ದಕ್ಕೆ 320.

ಹಾಗಾದರೆ ಟರ್ಬೊ ತಂದು ನಾಲ್ಕು ಬೋಲ್ಟು ಬಿಗಿದರೆ ಮುಗಿಯಿತಲ್ಲ? ಇಲ್ಲ. ಸಾದಾ ಎಂಜಿನ್ನಿನ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿಯನ್ನು ಅದುಮುವ ಪ್ರಮಾಣ, 10ಕ್ಕೆ 1 ಇದ್ದರೆ, ಟರ್ಬೊದ್ದು 8.5ಕ್ಕೆ 1. ಹೊಸ ಒತ್ತಡ ತುಂಬುವ ಮೊದಲೇ ಕಂಪನಿಯವರು ಎಂಜಿನ್ನಿನ ಸ್ವಂತ ಬಿಗಿಯನ್ನು ಸಡಿಲಿಸಿದ್ದರು. ಪಿಸ್ಟನ್ನು ಕಾಯದಂತೆ ಅಡಿಯಿಂದ ಆಯಿಲ್ ಚಿಮ್ಮಿಸುವ ವ್ಯವಸ್ಥೆಯನ್ನೂ ಮಾಡಿದ್ದರು. ಮೊದಲೇ ಗಟ್ಟಿಯಾಗಿ ಅದುಮುವ ಎಂಜಿನ್ನಿಗೆ ಇನ್ನಷ್ಟು ಗಾಳಿ ತುರುಕಿದರೆ ಒಳಗೆ ಕಾವೇರಿ, ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಸಿಡಿಯುತ್ತದೆ. ಮೆಕ್ಯಾನಿಕ್ಕುಗಳು ನಾಕಿಂಗ್ ಎನ್ನುವುದು ಇದನ್ನೇ. ಅದು ಮಿತಿಮೀರಿದರೆ ಪಿಸ್ಟನ್ನೇ ಕರಗಿ ತೂತಾಗುತ್ತದೆ.

ಹಾಗಾಗಿ ಜಾಣ ಹವ್ಯಾಸಿ ದಪ್ಪ ಹೆಡ್ ಗ್ಯಾಸ್ಕೆಟ್ ಹಾಕಿ ಕಂಪ್ರೆಷನ್ ತಗ್ಗಿಸುತ್ತಾನೆ, ಇಲ್ಲವೇ ಏಳು ಪಿಎಸ್‌ಐ ಆಸುಪಾಸಿನ ಒತ್ತಡಕ್ಕೇ ತೃಪ್ತನಾಗುತ್ತಾನೆ. ಅವನ ಹಣ, ಬೆವರು ಹೆಚ್ಚಾಗಿ ಖರ್ಚಾಗುವುದು ಕಣ್ಣಿಗೆ ಬೀಳದ ಕೆಲಸಗಳಿಗೆ. ಟರ್ಬೊದೊಳಗೆ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ದಂಡ ನಿಂತಿರುವುದು ತೆಳುವಾದ ಆಯಿಲ್ ಪದರದ ಮೇಲೆ. ಆ ಆಯಿಲ್ ಪಂಪಿನ ಬಲದಿಂದ ಬರುತ್ತದೆ, ಆದರೆ ತನ್ನ ಭಾರದಿಂದಲೇ ಕೆಳಗಿಳಿದು ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಗೆ, ಅಂದರೆ ‘ಸಂಪ್’ಗೆ, ಮರಳಬೇಕು. ಅದಕ್ಕೆ ಸಂಪನ್ನು ಬಿಚ್ಚಿ, ಆಯಿಲ್ ಮಟ್ಟಕ್ಕಿಂತ ಮೇಲೆ ತೂತು ಕೊರೆದು, ಇಳಿಜಾರಾಗಿ ಕೊಳವೆ ಜೋಡಿಸಬೇಕು. ಕೊಳವೆ ಎಲ್ಲಾದರೂ ಡೊಂಕಾಗಿ ಮೇಲೆದ್ದರೆ ಆಯಿಲ್ ಕಟ್ಟಿಕೊಂಡು, ಸೈಲೆನ್ಸರಿನಿಂದ ನೀಲಿ ಹೊಗೆ ಏಳುತ್ತದೆ. ಒಳಬರುವ ದಾರಿಯಷ್ಟೇ ಹೊರಹೋಗುವ ದಾರಿಯೂ ಸಲೀಸಾಗಿರಬೇಕು.

ಎಂಜಿನ್ನಿಗೆ ತೋರುವ ಈ ಎಚ್ಚರವನ್ನು ಮನುಷ್ಯರ ವಿಷಯದಲ್ಲಿ ಮರೆಯುತ್ತೇವೆ. ಮನೆಯಲ್ಲಿ, ಕಚೇರಿಯಲ್ಲಿ ನಾವು ಸೇರಿಸುವುದರಲ್ಲಿ ಪಳಗಿದವರು. ಎಸ್ಸೆಸ್ಸೆಲ್ಸಿ ಹುಡುಗಿಗೆ ಶಾಲೆಯ ಮೇಲೆ ಟ್ಯೂಷನ್ನು, ಟ್ಯೂಷನ್ನಿನ ಮೇಲೆ ಭಾನುವಾರದ ಪರೀಕ್ಷೆ. ಅಚ್ಚುಕಟ್ಟಾಗಿ ದುಡಿಯುವ ಗುಮಾಸ್ತರ ಮೇಜಿಗೇ ಮತ್ತೊಂದು ಫೈಲು. ಕೇಳಿದರೆ ‘ಅವರಿಗೆ ತಾಕತ್ತಿದೆ’ ಎನ್ನುತ್ತೇವೆ. ತಾಕತ್ತಿರುವವರು ಅದನ್ನು ಈಗಾಗಲೇ ಪೂರ್ತಿ ಬಳಸುತ್ತಿರುತ್ತಾರೆ ಎಂಬುದು ಮಾತ್ರ ಹೊಳೆಯುವುದಿಲ್ಲ. ಇನ್ನೊಬ್ಬರ ಮೇಲೆ ಹೊಸದೊಂದನ್ನು ಹೇರುವಾಗ ಹಳೆಯದರಲ್ಲಿ ಏನನ್ನು ಇಳಿಸಿದೆವು ಎಂದು ಹೇಳಲು ನಮಗೆ ಬರಬೇಕು. ಉತ್ತರವಿಲ್ಲದಿದ್ದರೆ ಹೇರುವುದನ್ನು ಅಲ್ಲಿಗೇ ನಿಲ್ಲಿಸುವುದು ಮೇಲು.