ಕಬ್ಬಿಣಕ್ಕೆ ದಾರಿ ಎಲ್ಲಿ?

ಪ್ರೋಟೀನುಗಳ ರಚನೆಗಳನ್ನು ಕೂಡಿಡುವ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ '1ಎಂಬಿಎನ್' ಎಂಬ ಸಂಕೇತ ಹುಡುಕಿದರೆ, ತಿಮಿಂಗಿಲದ ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನು ಪರದೆಗೆ ಬರುತ್ತದೆ. ಜಾನ್ ಕೆಂಡ್ರ್ಯೂ ಕೇಂಬ್ರಿಜ್‌ನಲ್ಲಿ ವರ್ಷಗಟ್ಟಲೆ ಹರಳುಗಳಿಗೆ ಎಕ್ಸ್-ರೇ ಹಾಯಿಸಿ, ಉಕ್ಕಿನ ಸರಳುಗಳ ಕಾಡಿನ ನಡುವೆ ಕಟ್ಟಿ ನಿಲ್ಲಿಸಿದ ಅಣು ಅದು. 1962ರ ರಸಾಯನ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿದ್ದೂ ಈ ಕೆಲಸಕ್ಕೇ. 1971ರಲ್ಲಿ ಬ್ಯಾಂಕು ಶುರುವಾದಾಗ ಅಲ್ಲಿದ್ದದ್ದು ಏಳೇ ರಚನೆಗಳು. ಈಗ ಎರಡು ಲಕ್ಷ ದಾಟಿವೆ. ಪಿಯುಸಿ ಓದುವ ಹುಡುಗಿಯೂ ಫೋನಿನಲ್ಲಿ ಬೆರಳಾಡಿಸಿ ಇವನ್ನು ಪುಕ್ಕಟೆಯಾಗಿ ತಿರುಗಿಸಿ ನೋಡಬಹುದು.

ಆದರೆ ಅವಳು ನೋಡುತ್ತಿರುವುದು ಅಣುವನ್ನೇ?

ಆಮ್ಲಜನಕ ಕೆಂಪು, ನೈಟ್ರೋಜನ್ ನೀಲಿ, ಗಂಧಕ ಹಳದಿ. ಪರಮಾಣುವಿಗೆ ಬಣ್ಣವೇ ಇಲ್ಲ, ಇದೆಲ್ಲ ನಾವು ಹಚ್ಚಿಕೊಂಡದ್ದು. ಸುರುಳಿ ಸುರುಳಿಯಾದ ರಿಬ್ಬನ್ ಚಿತ್ರದಲ್ಲಿ ಪರಮಾಣುಗಳೇ ಮಾಯ. ಗುಂಡು-ಕಡ್ಡಿಯ ರೂಪಕ್ಕೆ ಬದಲಿಸಿದರೆ ಎಲ್ಲೆಲ್ಲೂ ಸಂದು. ಪ್ರತಿ ಪರಮಾಣುವನ್ನೂ ಅದರ ನಿಜವಾದ ಗಾತ್ರಕ್ಕೆ ಉಬ್ಬಿಸಿ ನೋಡಿದರೆ ತಮಾಷೆ: ಒಳಗೆ ಹೀಮ್ ಎಂಬ ಭಾಗದಲ್ಲಿ ಕೂತ ಕಬ್ಬಿಣದವರೆಗೆ ಆಮ್ಲಜನಕ ಹೋಗಲು ದಾರಿಯೇ ಇಲ್ಲ! ಆದರೂ ಅದು ಹೋಗುತ್ತದೆ, ಬರುತ್ತದೆ. ತಿಮಿಂಗಿಲ ಉಸಿರು ಹಿಡಿದು ಆಳಕ್ಕಿಳಿಯುವುದೇ ಆ ಬಲದಿಂದ. ಜೀವಂತ ಪ್ರೋಟೀನ್ ಸದಾ ಅದುರುತ್ತಿರುತ್ತದೆ, ಸಂದುಗಳು ಕ್ಷಣಮಾತ್ರ ತೆರೆದು ಮುಚ್ಚಿಕೊಳ್ಳುತ್ತವೆ. ನಿಶ್ಚಲವಾದ ಮಾದರಿ ಅದನ್ನು ಹೇಳುವುದಿಲ್ಲ.

ಈ ಗೊಂದಲಕ್ಕೆ ಹೊಂದುವ ತತ್ವವೊಂದನ್ನು ಪ್ರೋಟೀನ್ ಪಂಡಿತರೊಬ್ಬರೇ ಕೈಗೆತ್ತಿಕೊಂಡಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದ ಜಿ.ಎನ್. ರಾಮಚಂದ್ರನ್ ಕೊನೆಗಾಲದಲ್ಲಿ ಜೈನರ ಸ್ಯಾದ್ವಾದಕ್ಕೆ ಗಣಿತದ ರೂಪ ಕೊಡಲು ಹೊರಟರು. 'ಇದೆ', 'ಇಲ್ಲ', 'ಹೇಳಲಾಗದು' ಎಂಬ ಮಾತುಗಳು ಒಂದೊಂದು ನೋಟದಿಂದ ನಿಜ ಎನ್ನುತ್ತದೆ ಸ್ಯಾದ್ವಾದ. ಮಯೋಗ್ಲೋಬಿನ್‌ನೊಳಗೆ ದಾರಿ ಇಲ್ಲ, ಮತ್ತು ಇದೆ. ಮೂರನೆಯದಕ್ಕೂ ಬ್ಯಾಂಕಿನ ಕಡತಗಳಲ್ಲಿ ಜಾಗವುಂಟು: 'ರಿಮಾರ್ಕ್ 465' ಎಂಬ ಸಾಲುಗಳಲ್ಲಿ, ಪ್ರಯೋಗದಲ್ಲಿ ಕಾಣದೇ ಹೋದ ಅಮೈನೊ ಆಮ್ಲಗಳ ಪಟ್ಟಿ. ಚೆಂದದ ಚಿತ್ರಕ್ಕಿಂತ ಈ ಒಣ ಸಾಲುಗಳೇ ಹೆಚ್ಚು ಪ್ರಾಮಾಣಿಕ.

ಹಾಗೆಂದು ಯಾವ ಮಾದರಿಯಾದರೂ ಒಂದು ನೋಟ ಎಂದುಬಿಡಲಾಗದು. 1963ರಲ್ಲಿ ರಾಮಚಂದ್ರನ್ ಮತ್ತು ಸಂಗಡಿಗರು ಮದರಾಸಿನಲ್ಲಿದ್ದಾಗ ಪ್ರಕಟಿಸಿದ ನಕ್ಷೆ, ಪ್ರೋಟೀನಿನ ಸರಪಳಿ ಯಾವ ಕೋನಕ್ಕೆ ತಿರುಗಬಲ್ಲದು, ಯಾವುದಕ್ಕೆ ಆಗದು ಎಂದು ಖಡಾಖಂಡಿತವಾಗಿ ಗೆರೆ ಎಳೆಯಿತು. ಹೊಸ ರಚನೆಗಳನ್ನು ಇಂದಿಗೂ ಅದರ ಮೇಲಿಟ್ಟು ಪರೀಕ್ಷಿಸುತ್ತಾರೆ. ಸ್ಯಾದ್ವಾದವನ್ನು ಮೆಚ್ಚಿದವರೇ 'ಇದು ಸಾಧ್ಯವಿಲ್ಲ' ಎನ್ನುವ ಸಾಧನವನ್ನೂ ಕೊಟ್ಟರು!

ಅಮೆರಿಕದ ತಂಡವೊಂದು 2001ರಿಂದ ಪ್ರಕಟಿಸಿದ ಕೆಲವು ಪೊರೆ-ಪ್ರೋಟೀನುಗಳ ಕಥೆ ಇನ್ನೂ ಮೊನಚು. ಪ್ರಯೋಗಾಲಯದ ಸ್ವಂತ ಪ್ರೋಗ್ರಾಮ್ ದತ್ತಾಂಶದ ಎರಡು ಕಾಲಂಗಳನ್ನು ಅದಲುಬದಲು ಮಾಡಿತ್ತು, ಮಾದರಿಯೇ ತಿರುಗುಮುರುಗಾಗಿತ್ತು. 2006ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಹತ್ತಿರದ ಸಂಬಂಧಿ ಪ್ರೋಟೀನಿನ ರಚನೆ ಹೊರತಂದಾಗ ಎರಡೂ ತಾಳೆಯಾಗಲಿಲ್ಲ. ಅಮೆರಿಕದ ತಂಡ ಲೆಕ್ಕ ಮತ್ತೆ ನೋಡಿ, ಲೇಖನಗಳನ್ನು ಹಿಂತೆಗೆದುಕೊಂಡಿತು. ಹೀಗೆ ರದ್ದಾದ ಮಾದರಿಗಳನ್ನು ಬ್ಯಾಂಕು ಅಳಿಸಿಹಾಕುವುದಿಲ್ಲ. ಚಲಾವಣೆಯಿಂದ ತೆಗೆದು, ಬೇಕೆಂದವರಿಗೆ ಇಳಿಸಿಕೊಳ್ಳಲು ಬೇರೆಯಾಗಿ ಇಟ್ಟಿರುತ್ತದೆ.